ತಾಮಾರಳ ಮೌನ



ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯವನ್ನು ನಾವು ಮನೆಯಲ್ಲಿ ಓದುವುದು ಕಡಿಮೆ. ದಾವೀದನ ಮಗಳು ತಾಮಾರಳ ಮೇಲೆ ಮಲ ಅಣ್ಣ ಅಮ್ನೋನನೇ ಬಲಾತ್ಕಾರ ಮಾಡಿದ. ಒಡಹುಟ್ಟಿದ ಅಬ್ಷಾಲೋಮ ಅವಳಿಗೆ ಸುಮ್ಮನಿರಲು ಹೇಳಿದ. ತಂದೆ ಕೋಪಗೊಂಡ, ಆದರೆ ಅವಳಿಗೆ ನ್ಯಾಯ ಕೊಡಿಸಲಿಲ್ಲ. ಆಮೇಲೆ ಅವಳ ಮಾತೇ ಕೇಳಿಬರುವುದಿಲ್ಲ.

ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳವನ್ನು ಹೇಳಿಕೊಂಡರು. ಹಿಂಸಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಪರಿಚಿತರೇ.

ಆ ಮಗು ಓಡಲಾರದು, ಎದುರಿಸಲಾರದು. ಆಗ ಮನಸ್ಸು ಮರಗಟ್ಟಿ ಅದನ್ನು ಕಾಪಾಡುತ್ತದೆ. ದೊಡ್ಡವಳಾದ ಮೇಲೂ ಆ ಅಭ್ಯಾಸ ಬಿಡುವುದಿಲ್ಲ. ಗಂಡ ಮುಟ್ಟಿದರೆ ಮೈ ಸೆಟೆಯುತ್ತದೆ. ಸಣ್ಣ ಮಾತಿಗೆ ಸಿಟ್ಟು ಉಕ್ಕುತ್ತದೆ. ಮಗಳನ್ನು ಯಾರ ಮನೆಗೂ ಕಳುಹಿಸಲಾರಳು. ನಾವು ಅವಳಿಗೆ 'ಸಿಡುಕಿ' ಎಂದು ಹೆಸರಿಡುತ್ತೇವೆ.

ಕೊಯಮತ್ತೂರಿನ ನೂಲಿನ ಗಿರಣಿಗೋ ತಿರುಪ್ಪೂರಿನ ಬನಿಯನ್ ಕಂಪನಿಗೋ ದುಡಿಯಲು ಹೋದ ಮಗಳು ತಪ್ಪದೆ ಹಣ ಕಳುಹಿಸುತ್ತಾಳೆ, ಕ್ರಿಸ್ಮಸ್‌ಗೆ ಮಾತ್ರ ಊರಿಗೆ ಬರುವುದಿಲ್ಲ. ಅವಳಿಗೆ ದುಡ್ಡಿನಾಸೆ ಎನ್ನುವ ಮೊದಲು ಯೋಚಿಸೋಣ: ನಮ್ಮ ಮನೆಯಲ್ಲಿ ಯಾರನ್ನು ಕಂಡರೆ ಅವಳಿಗೆ ಭಯ?

ಅದೇ ಕೊಯಮತ್ತೂರಿನ ಮಹಿಳಾ ನ್ಯಾಯಾಲಯ 2025ರ ಮೇ 13ರಂದು ಪೊಳ್ಳಾಚಿ ಲೈಂಗಿಕ ದೌರ್ಜನ್ಯ ಪ್ರಕರಣದಲ್ಲಿ ಒಂಬತ್ತು ಮಂದಿಗೆ ಸಾಯುವವರೆಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಬಯಲಾದದ್ದು 2019ರಲ್ಲಿ. ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳಿಗೇ ಬಾಯಿ ಬಿಡುವುದು ಅಷ್ಟು ಕಷ್ಟವಾದರೆ ಏಳು ವರ್ಷದ ಮಗು ಏನೆಂದು ಹೇಳೀತು?

ನಾನೂ ತಪ್ಪಿದ್ದೇನೆ. ಹಿಂದೊಮ್ಮೆ ನೋವು ಹೇಳಿಕೊಳ್ಳಲು ಬಂದ ಸಹೋದರಿಯೊಬ್ಬರಿಗೆ, "ಕ್ಷಮಿಸಿ ಮರೆತುಬಿಡಮ್ಮಾ" ಎಂದುಬಿಟ್ಟೆ. ಅವರು ಮತ್ತೆ ಬರಲಿಲ್ಲ. ನಾನು ಮೊದಲು ಹೇಳಬೇಕಿದ್ದ ಮಾತು, "ಇದರಲ್ಲಿ ನಿನ್ನ ಪಾಪವೇನೂ ಇಲ್ಲ" ಎಂಬುದು. ಕ್ಷಮೆ ದೇವರ ವರ. ಅದನ್ನು ಅವಸರಪಡಿಸಿ ಕೇಳುವ ಹಕ್ಕು ನಮಗಿಲ್ಲ.

ಆದ್ದರಿಂದ ಅವಳು ಹೇಳಿದಾಗ ನಂಬಿರಿ. "ಆಗಲೇ ಯಾಕೆ ಹೇಳಲಿಲ್ಲ?" ಎನ್ನಬೇಡಿ. ಮನಸ್ಸಿನ ನೆರವಿಗೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಈಗಲೇ ಮಗುವೊಂದು ಅಪಾಯದಲ್ಲಿದ್ದರೆ 1098ಕ್ಕೆ ಕರೆ ಮಾಡಿ. 2012ರ ಪೋಕ್ಸೋ ಕಾಯ್ದೆಯಂತೆ, ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಪ್ಪಿತಸ್ಥ ಮನೆಯವನಾಗಲಿ, ಗುರುವೇ ಆಗಲಿ.

ಪುನರುತ್ಥಾನರಾದ ಯೇಸು ತಮ್ಮ ಗಾಯಗಳನ್ನು ಮರೆಮಾಡದೆ ತೋಮನಿಗೆ ತೋರಿಸಿದರು. ನಮ್ಮ ಮನೆಯ ತಾಮಾರಳೂ ತನ್ನ ಗಾಯವನ್ನು ಹೆದರದೆ ತೋರಿಸುವಂತೆ ನಮ್ಮ ಕುಟುಂಬಗಳನ್ನು ದೇವರು ಹರಸಲಿ.