ಗಡಿಯಾರದ ಮುಳ್ಳು ಕೂರಿಸುವುದು

ಕಿವಿಗೆ ಹಿಡಿದರೆ ಟಿಕ್ ಟಿಕ್ ನಾದ ಸ್ಪಷ್ಟವಾಗಿ ಕೇಳಿಸುತ್ತದೆ. ಸೆಕೆಂಡಿನ ಮುಳ್ಳು ತನ್ನ ಪ್ರದಕ್ಷಿಣೆಯನ್ನು ತಪ್ಪದೆ ನಡೆಸಿದೆ. ಆದರೆ ನಿಮಿಷದ ಮುಳ್ಳು ಮಾತ್ರ ಬೆಳಗಿನ ಕಾಫಿಯ ಹೊತ್ತಿಗೆ ಎಲ್ಲಿತ್ತೋ ಅಲ್ಲಿಯೇ ಇದೆ. ಇಲ್ಲವೆ, ಕೈ ಅಲ್ಲಾಡಿಸಿದಾಗಲೆಲ್ಲ ಜೋತುಬಿದ್ದು ಕೆಳಕ್ಕೆ ಜಾರುತ್ತದೆ. ಇಂಥ ಗಡಿಯಾರವನ್ನು ಕೆಟ್ಟದ್ದೆನ್ನುವಂತೆಯೂ ಇಲ್ಲ, ಸರಿಯಾಗಿದೆಯೆನ್ನುವಂತೆಯೂ ಇಲ್ಲ. ಯಂತ್ರಕ್ಕೆ ಹೊತ್ತು ಗೊತ್ತಿದೆ. ಹೇಳುವ ಬಾಯಿ ಕಟ್ಟಿಹೋಗಿದೆ.

ನಮ್ಮ ಎಷ್ಟೋ ಮನೆಗಳ ಬೀರುವಿನ ಒಳಖಾನೆಯಲ್ಲಿ, ಹಳೆಯ ಪಾಸ್‌ಬುಕ್ಕು, ಕಾಲು ಮುರಿದ ಕನ್ನಡಕಗಳ ನಡುವೆ, ಇಂಥದೊಂದು ಕೈಗಡಿಯಾರ ಮಲಗಿರುತ್ತದೆ. ಅದು ತಂದೆಯವರದೋ ಮಾವನವರದೋ ಆಗಿರುತ್ತದೆ, ಬಹುಮಟ್ಟಿಗೆ ಎಚ್.ಎಂ.ಟಿ.ಯದೇ ಆಗಿರುತ್ತದೆ. ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾದ ಆ ಗಡಿಯಾರದ ಕಾರ್ಖಾನೆ ಮೂರು ತಲೆಮಾರಿನ ಮಣಿಕಟ್ಟುಗಳನ್ನು ಅಲಂಕರಿಸಿತು. ಕಂಪನಿಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ ೨೦೧೬ರ ಜನವರಿಯಲ್ಲಿ ಒಪ್ಪಿಗೆಯಿತ್ತಿತು. ಅಂದಮೇಲೆ, ನಿಮ್ಮ ತಂದೆಯವರ ‘ಜನತಾ’ ಗಡಿಯಾರದ ಮುಳ್ಳು ಇಂದು ಬಾಗಿದರೆ ಅಥವಾ ಮುರಿದರೆ, ಅದರ ಜೋಡಿಯನ್ನು ಕಾರ್ಖಾನೆಯಿಂದ ತರಿಸುವ ಮಾತಿಲ್ಲ. ಬೀದಿಯ ತಿರುವಿನಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಒಕ್ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತಿರುತ್ತಿದ್ದ ಹಿರಿಯರೂ ವಿರಳವಾಗುತ್ತಿದ್ದಾರೆ. ಅವರ ಜಾಗದಲ್ಲಿ ಕುಳಿತವರಲ್ಲಿ ಅನೇಕರು ಬ್ಯಾಟರಿ ಹಾಕುವುದನ್ನೂ ಪಟ್ಟಿ ಬದಲಿಸುವುದನ್ನೂ ಮಾತ್ರ ಬಲ್ಲರು. ಆದುದರಿಂದ ಈ ಕೆಲಸವನ್ನು ಮನೆಯಲ್ಲಿ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆ ಕೇವಲ ಹವ್ಯಾಸದ ಪ್ರಶ್ನೆಯಲ್ಲ. ಮಾಡಿಕೊಳ್ಳಬಹುದು, ಒಂದು ಜಾತಿಯ ಗಡಿಯಾರವನ್ನು ಬಿಟ್ಟು.

ಮೊದಲು ಮುಳ್ಳು ನಿಲ್ಲುವುದು ಹೇಗೆ ಎಂಬುದನ್ನು ತಿಳಿಯೋಣ. ಡಯಲಿನ ನಡುವಿನ ರಂಧ್ರದಿಂದ ಒಂದರೊಳಗೊಂದು ಸೇರಿದ ಮೂರು ಅಂಗಗಳು ಮೇಲೆದ್ದಿರುತ್ತವೆ. ಹೊರಗಿನದು ಗಿಡ್ಡನೆಯ ಕೊಳವೆ. ಗಂಟೆಯ ಮುಳ್ಳಿಗೆ ಅದು ಆಧಾರ. ಅದರೊಳಗಿನದು ತುಸು ಎತ್ತರದ, ಸಣ್ಣ ಕೊಳವೆ. ನಿಮಿಷದ ಮುಳ್ಳು ಅದರ ಮೇಲೆ. ಎಲ್ಲಕ್ಕೂ ಒಳಗೆ, ಎಲ್ಲಕ್ಕೂ ಎತ್ತರದಲ್ಲಿ, ಕೂದಲಿಗಿಂತ ಸ್ವಲ್ಪವೇ ದಪ್ಪನೆಯ ಕಡ್ಡಿ. ಸೆಕೆಂಡಿನ ಮುಳ್ಳಿಗೆ ಅದೇ ಗತಿ. ಇ.ಟಿ.ಎ. ಎಂಬ ಸ್ವಿಸ್ ಸಂಸ್ಥೆಯ ೨೮೨೪ ಎಂಬ ಪ್ರಸಿದ್ಧ ಯಂತ್ರದಲ್ಲಿ ಈ ಮೂರಕ್ಕೂ ಬೇಕಾದ ರಂಧ್ರದ ಅಳತೆ ಕ್ರಮವಾಗಿ ೧.೫೦, ೦.೯೦ ಮತ್ತು ೦.೨೫ ಮಿಲಿಮೀಟರು. ಅಲ್ಲಿ ತಿರುಪಿಲ್ಲ, ಬೆಸುಗೆಯಿಲ್ಲ, ಅಂಟಿಲ್ಲ. ಮುಳ್ಳಿನ ರಂಧ್ರ ಕೊಳವೆಯನ್ನು ಬಿಗಿಯಾಗಿ ಅಪ್ಪಿಕೊಂಡಿರುವುದೊಂದೇ ಅದನ್ನು ಹಿಡಿದಿಟ್ಟಿರುವ ಬಲ. ಈ ಬಿಗಿತವನ್ನು ಕೆಡಿಸದೆ ಮುಳ್ಳನ್ನು ತೆಗೆಯುವುದು, ಕೆಡಿಸದೆ ಮತ್ತೆ ಕೂರಿಸುವುದು, ಇಷ್ಟೇ ಈ ವಿದ್ಯೆ. ಒಂದು ಯಂತ್ರದ ಮುಳ್ಳು ಇನ್ನೊಂದಕ್ಕೆ ಏಕೆ ಒಗ್ಗುವುದಿಲ್ಲ ಎಂಬುದೂ ಇದರಿಂದ ಸ್ಪಷ್ಟ. ಮಿಲಿಮೀಟರಿನ ಹತ್ತನೆಯ ಒಂದು ಭಾಗ ಕಣ್ಣಿಗೆ ಏನೂ ಅಲ್ಲ. ಮುಳ್ಳಿಗೆ ಅದೇ ಎಲ್ಲ.

ರೋಗ ನಿಜವಾಗಿಯೂ ಮುಳ್ಳಿನದೇ ಎಂಬುದನ್ನು ತೆರೆಯುವ ಮೊದಲೇ ಪರೀಕ್ಷಿಸಬೇಕು. ಗಂಟೆಯ ಮುಳ್ಳಿಗೆ ಚಲನೆ ಬರುವುದು ನಿಮಿಷದ ಕೊಳವೆಯಿಂದಲೇ; ನಡುವಿನ ಹಲ್ಲುಚಕ್ರಗಳು ಅದರ ವೇಗವನ್ನು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸುತ್ತವೆ. ಆದುದರಿಂದ ಗಂಟೆಯ ಮುಳ್ಳು ಸರಿಯಾಗಿ ಮುಂದುವರಿಯುತ್ತಿದ್ದು ನಿಮಿಷದ್ದು ಮಾತ್ರ ಹಿಂದುಳಿದರೆ, ಸಡಿಲವಾಗಿರುವುದು ನಿಮಿಷದ ಮುಳ್ಳಿನ ರಂಧ್ರ. ಅದಕ್ಕೆ ಬದಲು, ಸೆಕೆಂಡಿನ ಮುಳ್ಳು ಓಡುತ್ತಿದ್ದರೂ ಉಳಿದೆರಡೂ ಒಟ್ಟಿಗೆ ನಿಂತುಹೋಗಿದ್ದರೆ, ಮತ್ತು ಗುಂಡಿಯನ್ನು ಎಳೆದು ತಿರುಗಿಸಿದಾಗ ಬೆರಳಿಗೆ ಯಾವ ತಡೆಯೂ ಸಿಗದಿದ್ದರೆ, ದೋಷ ಒಳಗಿನ ಕೊಳವೆಯ ಹಿಡಿತದಲ್ಲಿದೆ. ಅದು ಬಲ್ಲವರ ಕೈಗೆ ಹೋಗತಕ್ಕ ಕೆಲಸ. ಗಡಿಯಾರ ದಿನವೂ ಒಂದೇ ಹೊತ್ತಿಗೆ ನಿಂತು, ಮೆಲ್ಲನೆ ತಟ್ಟಿದರೆ ಮತ್ತೆ ಹೊರಡುವುದಾದರೆ, ಒಂದು ಮುಳ್ಳು ಇನ್ನೊಂದಕ್ಕೆ ತಾಗುತ್ತಿದೆಯೇ ಎಂದು ಮೊದಲು ನೋಡಿ.

ಇನ್ನು ಮನೆಯಲ್ಲಿ ಮುಟ್ಟಬಾರದ ಆ ಜಾತಿಯ ಮಾತು. ನಮ್ಮ ಊರುಗಳಲ್ಲಿ ಆಟೋರಿಕ್ಷಾದ ಹಿಂದೆ ಅಂಟಿಸುವ ಹೊಳೆಯುವ ಚೀಟಿಗೂ ‘ರೇಡಿಯಂ’ ಎಂದೇ ಹೆಸರು. ಅದರಲ್ಲಿ ರೇಡಿಯಂ ಲವಲೇಶವೂ ಇಲ್ಲ. ಆದರೆ ಅಜ್ಜ ತಮ್ಮ ಹಳೆಯ ಸ್ವಿಸ್ ಗಡಿಯಾರವನ್ನು ‘ರೇಡಿಯಂ ವಾಚು’ ಎಂದು ಕರೆಯುತ್ತಿದ್ದರೆ ಆ ಮಾತು ಅಕ್ಷರಶಃ ಸತ್ಯವಾಗಿರಬಹುದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ, ಮುಖ್ಯವಾಗಿ ಸೈನಿಕರ ಗಡಿಯಾರಗಳಲ್ಲಿ, ಕತ್ತಲಲ್ಲಿ ಹೊಳೆಯಲೆಂದು ಮುಳ್ಳಿಗೂ ಅಂಕಿಗಳಿಗೂ ರೇಡಿಯಂ ಬೆರೆತ ಬಣ್ಣವನ್ನು ಬಳಿಯುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ ೧೯೧೭ರಿಂದ ಈ ಕೆಲಸ ಮಾಡಿದ ತರುಣಿಯರಿಗೆ, ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಇಟ್ಟು ತೀಡುವಂತೆ ಕಲಿಸಿದ್ದರು. ಅವರ ದವಡೆಯ ಮೂಳೆಗಳು ಕೊಳೆತವು, ಹಲವರು ಸತ್ತರು. ಐವರು ಹೂಡಿದ ದಾವೆ ೧೯೨೮ರಲ್ಲಿ ರಾಜಿಯಲ್ಲಿ ಮುಗಿಯಿತು.

ಆ ಬಣ್ಣ ಈಗ ಹೊಳೆಯದು. ಹೊಳಪು ಕೊಡುತ್ತಿದ್ದ ಸತುವಿನ ಸಲ್ಫೈಡು ಸವೆದುಹೋಗಿದೆ. ಆದರೆ ರೇಡಿಯಂ ತನ್ನ ಶಕ್ತಿಯಲ್ಲಿ ಅರ್ಧವನ್ನು ಕಳೆದುಕೊಳ್ಳಲು ಸುಮಾರು ೧೬೦೦ ವರ್ಷ ಬೇಕು. ಒಣಗಿ ಕಂದಿದ ಆ ಬಣ್ಣ ಮುಳ್ಳನ್ನು ಎತ್ತುವಾಗ ಪುಡಿಯಾಗಿ ಉದುರುತ್ತದೆ. ಉದುರಿದ ಪುಡಿ ಉಸಿರಿನಲ್ಲಿಯೋ ಊಟದಲ್ಲಿಯೋ ಒಳಹೊಕ್ಕರೆ ಕೇಡು. ಆದುದರಿಂದ ೧೯೭೦ಕ್ಕಿಂತ ಹಿಂದಿನ ಗಡಿಯಾರದ ಮುಳ್ಳಿನಲ್ಲಿಯೋ ಅಂಕಿಗಳಲ್ಲಿಯೋ ದಪ್ಪನೆಯ ಕಂದುಹಳದಿ ಲೇಪವಿದ್ದರೆ ಅದನ್ನು ಮನೆಯಲ್ಲಿ ಖಂಡಿತ ತೆರೆಯಕೂಡದು, ಕೆರೆಯಕೂಡದು, ಮಕ್ಕಳ ಕೈಗೆ ಕೊಡಕೂಡದು. ಅಂಗಡಿಗೆ ಕೊಡುವಾಗಲೂ ಈ ವಿಷಯವನ್ನು ಮೊದಲೇ ತಿಳಿಸಿಬಿಡಿ; ಕೆಲಸ ಮಾಡುವವರ ಶ್ವಾಸಕೋಶವೂ ನಮ್ಮದರಂತೆಯೇ ಅಲ್ಲವೆ? ಡಯಲಿನ ಬುಡದಲ್ಲಿ ‘ಟಿ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ರೇಡಿಯಂ ಅಲ್ಲ, ಅದರ ನಂತರ ಬಂದ ಟ್ರಿಷಿಯಂ. ಅದು ಅಷ್ಟು ಉಗ್ರವಲ್ಲ, ಆದರೂ ಕೆರೆಯುವ ವಸ್ತುವಲ್ಲ. ಲೇಪವಿಲ್ಲದ ಬರಿಯ ಲೋಹದ ಮುಳ್ಳುಗಳಿಗೆ ಈ ಭಯ ಯಾವುದೂ ಇಲ್ಲ.

ಉಪಕರಣಗಳಿಗೆ ಬರೋಣ. ಸ್ವಿಟ್ಜರ್ಲೆಂಡಿನ ಲೆ ಲೋಕ್ಲ್ ಊರಿನ ಬರ್ಜನ್ ಸಂಸ್ಥೆ ೧೭೯೧ರಿಂದ ಗಡಿಯಾರದವರ ಉಪಕರಣಗಳಿಗೆ ಹೆಸರಾಗಿದೆ. ಅದರ ಬೆಲೆ ಕೇಳಿ ಎದೆಗುಂದಬೇಕಾಗಿಲ್ಲ, ಅಗ್ಗದವು ಬೇಕಾದಷ್ಟುಂಟು. ಅಗತ್ಯವಾದವು ಇಷ್ಟು: ಮುಳ್ಳೆತ್ತುವ ಒಂದು ಜೊತೆ ಸಣ್ಣ ಸನ್ನೆಗಳು, ಮುಳ್ಳನ್ನು ಒತ್ತಲು ತುದಿಯಲ್ಲಿ ರಂಧ್ರವಿರುವ ಪ್ಲಾಸ್ಟಿಕ್ ಮೊನೆಯ ಒತ್ತುಗಡ್ಡಿ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ನಯವಾದ ತುದಿಯ ಚಿಮುಟ. ಉಳಿದವು ಮನೆಯಲ್ಲೇ ಇವೆ. ಹಲ್ಲುಕಡ್ಡಿಯ ಮೊನೆಯನ್ನು ಚಪ್ಪಟೆಯಾಗಿ ಕತ್ತರಿಸಿದರೆ ಸೆಕೆಂಡಿನ ಮುಳ್ಳಿಗೆ ಒತ್ತುಗಡ್ಡಿಯಾಯಿತು. ಔಷಧದ ಸೀಸೆಯ ಮುಚ್ಚಳವನ್ನು ಬೋರಲಾಗಿ ಬಿಡದೆ ಬಾಯಿ ಮೇಲಾಗಿ ಇಟ್ಟರೆ, ಅದರ ಅಂಚಿನ ಮೇಲೆ ಯಂತ್ರವನ್ನು ಕೂರಿಸಬಹುದು. ಹಿಂಬದಿಯ ಸೂಕ್ಷ್ಮ ಚಕ್ರಗಳು ನಡುವಿನ ಪೊಳ್ಳಿನಲ್ಲಿ ಯಾವುದಕ್ಕೂ ತಾಗದೆ ಇರುತ್ತವೆ. ಅಂಚು ಇರುವ ತಟ್ಟೆಯೊಂದರಲ್ಲಿ ಬಿಳಿಯ ಬಟ್ಟೆ ಹಾಸಿ ಅದರ ಮೇಲೆ ಕೆಲಸ ಮಾಡಿ. ತಲೆಯ ಮೇಲಿನ ಫ್ಯಾನನ್ನು ಆರಿಸುವುದನ್ನು ಮರೆಯಬೇಡಿ! ಸೆಕೆಂಡಿನ ಮುಳ್ಳಿಗೆ ತೂಕವೆಂಬುದೇ ಇಲ್ಲ. ಒಂದು ವೇಳೆ ಅದು ನೆಲಕ್ಕೆ ಹಾರಿದರೆ ಪೊರಕೆ ತರಬೇಡಿ. ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಒರಗಿಸಿ ಬೆಳಕು ಹಾಯಿಸಿ. ನೆರಳು ಉದ್ದವಾಗಿ ಬಿದ್ದು ತಾನಾಗಿ ಕಾಣಿಸಿಕೊಳ್ಳುತ್ತದೆ.

ಹಿಂಬದಿಯ ಮುಚ್ಚಳ ತಿರುಪಿನದಾದರೆ ಮಕ್ಕಳ ರಬ್ಬರ್ ಚೆಂಡನ್ನು ಅದರ ಮೇಲೆ ಒತ್ತಿ ಎಡಕ್ಕೆ ತಿರುಗಿಸಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕು. ಯಂತ್ರ ಹೊರಬರಬೇಕಾದರೆ ಗುಂಡಿಯ ಕಡ್ಡಿಯನ್ನು ಕಳಚಬೇಕು. ಕೆಲವು ಗಡಿಯಾರಗಳಲ್ಲಿ ಅದಕ್ಕಾಗಿ ಒತ್ತುವ ಸಣ್ಣ ಗುಳಿಯಿರುತ್ತದೆ, ಕೆಲವುಗಳಲ್ಲಿ ಸಣ್ಣ ತಿರುಪು. ತಿರುಪಾದರೆ ಅರ್ಧ ಸುತ್ತು, ಹೆಚ್ಚೆಂದರೆ ಒಂದು ಸುತ್ತು ಸಡಿಲಿಸಿ. ಪೂರ್ತಿ ಬಿಚ್ಚಿದರೆ ಡಯಲಿನ ಹಿಂದಿನ ಸನ್ನೆ ಕಳಚಿಬಿದ್ದು ಮುಳ್ಳಿನ ಕೆಲಸ ಡಯಲಿನ ಕೆಲಸವಾಗುತ್ತದೆ. ಯಂತ್ರ ಹೊರಬಂದ ಮೇಲೆ ಗುಂಡಿಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿ, ಏಕೆಂದರೆ ಮುಳ್ಳು ತಿರುಗಿಸಲು ಅದು ಬೇಕು.

ಇಂಗ್ಲಿಷಿನವರು ಇದಕ್ಕೆ ಕೈ ಎಂದರು, ಹಿಂದಿಯವರು ಸೂಜಿ ಎಂದರು. ನಾವು ತಕ್ಕಡಿಗೆ ಕೊಟ್ಟ ಹೆಸರನ್ನೇ ಇದಕ್ಕೂ ಕೊಟ್ಟು ಮುಳ್ಳು ಎಂದೆವು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯನ್ನು ನಂಬಿ ಹೊಲಿಗೆಯ ಸೂಜಿಯನ್ನೋ ಚಾಕುವಿನ ತುದಿಯನ್ನೋ ಇಲ್ಲಿ ತೂರಿಸಿದರೆ ಡಯಲಿನ ಮೇಲೆ ಮಾಸದ ಗೀರು ಬೀಳುತ್ತದೆ. ಗುಂಡಿಯನ್ನು ತಿರುಗಿಸಿ ಗಂಟೆ ಮತ್ತು ನಿಮಿಷದ ಮುಳ್ಳುಗಳನ್ನು ಹನ್ನೆರಡರಲ್ಲಿ ಒಂದರ ಮೇಲೊಂದು ತನ್ನಿ. ತೆಳುವಾದ ಪಾಲಿಥೀನ್ ಹಾಳೆಯನ್ನು ಸೀಳಿ ಮುಳ್ಳುಗಳ ಕೆಳಗೆ, ಡಯಲಿನ ಮೇಲೆ ತೂರಿಸಿ. ಇನ್ನೊಂದು ಹಾಳೆಯನ್ನು ಮೇಲೆ ಹೊದಿಸಿ. ಹಾರುವ ಮುಳ್ಳನ್ನು ಅದು ತಡೆಯುತ್ತದೆ. ಎರಡು ಸನ್ನೆಗಳನ್ನು ಮುಳ್ಳಿನ ಬುಡದ ಎರಡೂ ಪಕ್ಕಕ್ಕೆ ಎದುರುಬದುರಾಗಿ ಇಟ್ಟು, ಎರಡನ್ನೂ ಒಂದೇ ಸಮನಾಗಿ ಕೆಳಕ್ಕೆ ಒತ್ತಬೇಕು. ಒಂದು ಪಕ್ಕ ಹೆಚ್ಚಾದರೆ ಒಳಗಿನ ಕಡ್ಡಿ ಬಾಗುತ್ತದೆ. ಬಾಗಿದ ಕಡ್ಡಿಗೆ ಮನೆಯಲ್ಲಿ ಮದ್ದಿಲ್ಲ.

ಕೂರಿಸುವಾಗ ಕೆಳಗಿನಿಂದ ಮೇಲಕ್ಕೆ: ಮೊದಲು ಗಂಟೆ, ಆಮೇಲೆ ನಿಮಿಷ, ಕೊನೆಗೆ ಸೆಕೆಂಡು. ತಾರೀಖು ತೋರಿಸುವ ಗಡಿಯಾರವಾದರೆ, ಮುಳ್ಳಿಲ್ಲದೆಯೇ ಗುಂಡಿಯನ್ನು ಮುಂದಕ್ಕೆ ಮೆಲ್ಲನೆ ತಿರುಗಿಸುತ್ತಾ ಹೋಗಿ; ತಾರೀಖು ಬದಲಾದ ಕ್ಷಣದಲ್ಲಿ ನಿಲ್ಲಿಸಿ. ಯಂತ್ರಕ್ಕೆ ಅದೇ ನಡುರಾತ್ರಿ. ಗಂಟೆಯ ಮುಳ್ಳನ್ನು ಆಗ ನೆಟ್ಟಗೆ ಹನ್ನೆರಡಕ್ಕೆ ಕೂರಿಸಿ. ಇದನ್ನು ಲಕ್ಷಿಸದೆ ಕೂರಿಸಿದ ಗಡಿಯಾರ ಮಧ್ಯಾಹ್ನದ ಊಟದ ಹೊತ್ತಿಗೆ ತಾರೀಖು ಬದಲಿಸುವುದನ್ನು ನೀವೂ ಕಂಡಿರಬಹುದು. ಗಂಟೆಯ ಮುಳ್ಳು ನಿಮಿಷಕ್ಕೆ ಅರ್ಧ ಡಿಗ್ರಿ ಮಾತ್ರ ಚಲಿಸುತ್ತದೆ. ಆದುದರಿಂದ ಅದನ್ನು ಐದು ಡಿಗ್ರಿ ಓರೆಯಾಗಿ ಕೂರಿಸಿದರೆ ಅದು ಹೇಳುವ ಹೊತ್ತಿಗೂ ನಿಮಿಷದ ಮುಳ್ಳು ಹೇಳುವ ಹೊತ್ತಿಗೂ ಹತ್ತು ನಿಮಿಷಗಳ ಜಗಳ. ನಿಮಿಷದ ಮುಳ್ಳನ್ನು ಮೊದಲು ಅರ್ಧಬಿಗಿಯಾಗಿ ಮಾತ್ರ ಒತ್ತಿ. ಗುಂಡಿಯಿಂದ ಮೂರಕ್ಕೆ, ಆರಕ್ಕೆ, ಒಂಬತ್ತಕ್ಕೆ ತಂದು ನೋಡಿ. ಎಲ್ಲೆಲ್ಲಿಯೂ ಗಂಟೆಯ ಮುಳ್ಳು ಅಂಕಿಯ ನೇರಕ್ಕೆ ನಿಂತರೆ ಆಮೇಲೆ ಪೂರ್ತಿ ಒತ್ತಬಹುದು.

ಒತ್ತುವ ಬಲ ನೇರವಾಗಿ ಮೇಲಿನಿಂದ ಇರಬೇಕು. ಅದು ಎಷ್ಟಿರಬೇಕೆಂಬುದನ್ನು ಬರೆಹದಲ್ಲಿ ಹೇಳುವುದು ಕಷ್ಟ, ಬೆರಳು ಕಲಿಯಬೇಕು. ಓಡದೆ ಮೂಲೆಗೆ ಬಿದ್ದ ಅಗ್ಗದ ಗಡಿಯಾರವೊಂದರಲ್ಲಿ ನಾಲ್ಕಾರು ಸಲ ತೆಗೆದು ಹಾಕಿ ಅಭ್ಯಾಸ ಮಾಡಿದ ಹೊರತು ತಂದೆಯವರ ಗಡಿಯಾರಕ್ಕೆ ಕೈ ಹಾಕಬೇಡಿ. ಆದರೆ ಒಳ್ಳೆಯ ಗಡಿಯಾರದಲ್ಲಿ ಪದೇಪದೇ ತೆಗೆದು ಹಾಕುವುದು ಸಲ್ಲದು, ಪ್ರತಿಸಲವೂ ರಂಧ್ರ ಸ್ವಲ್ಪ ಸವೆಯುತ್ತದೆ. ಬ್ಯಾಟರಿಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳನ್ನು ಅತಿಯಾಗಿ ಒತ್ತಿದರೆ ಕಡ್ಡಿ ಕೆಳಗಿಳಿದು ಚಕ್ರವನ್ನೇ ತಡೆದು ನಿಲ್ಲಿಸುವುದೂ ಉಂಟು.

ಎಲ್ಲ ಕೂತ ಮೇಲೆ ಯಂತ್ರವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿ. ಡಯಲಿಗೂ ಮೂರು ಮುಳ್ಳುಗಳಿಗೂ ನಡುನಡುವೆ ಬೆಳಕು ಕಾಣಬೇಕು, ನಾಲ್ಕೂ ಸಮಾನಾಂತರವಾಗಿರಬೇಕು. ಉಬ್ಬಿದ ಅಂಕಿಗಳಿದ್ದರೆ ಅವುಗಳ ಮೇಲೆ ಗಂಟೆಯ ಮುಳ್ಳು ತಾಗದೆ ಹಾಯಬೇಕು. ಕೇಸಿಗೆ ಸೇರಿಸಿದ ನಂತರ ಸೆಕೆಂಡಿನ ಮುಳ್ಳು ಗಾಜಿಗೆ ಉಜ್ಜುತ್ತಿದೆಯೇ ಎಂಬುದನ್ನೂ ಗಮನಿಸಿ. ಒಂದು ಹಗಲು ಒಂದು ರಾತ್ರಿ ಓಡಲು ಬಿಡಿ, ಸ್ವಲ್ಪ ಹೊತ್ತು ಮುಖ ಮೇಲಾಗಿ, ಸ್ವಲ್ಪ ಹೊತ್ತು ಮುಖ ಕೆಳಗಾಗಿ.

ಇಷ್ಟಾದರೂ ಮುಳ್ಳು ಸಡಿಲವಾಗಿಯೇ ಉಳಿದರೆ ರಂಧ್ರ ದೊಡ್ಡದಾಗಿದೆಯೆಂದು ಅರ್ಥ. ಆಗ ಅನೇಕರಿಗೆ ಅಂಟಿನ ನೆನಪಾಗುತ್ತದೆ. ಅಂಟನ್ನು ಎಂದಿಗೂ ಮುಟ್ಟಕೂಡದು: ಒಂದು ಹನಿ ಎರಡು ಕೊಳವೆಗಳ ನಡುವೆ ಇಳಿದರೆ ಗಂಟೆಯೂ ನಿಮಿಷವೂ ಒಂದೇ ಆಗಿ ಯಂತ್ರವೇ ನಿಲ್ಲುತ್ತದೆ. ಬಲ್ಲವನಾದರೆ ಅಡಿಗಲ್ಲಿನಂಥ ಸಣ್ಣ ಉಕ್ಕಿನ ಉಪಕರಣದ ಮೇಲೆ ಮುಳ್ಳನ್ನಿಟ್ಟು ಒಂದೇ ಒಂದು ಹಗುರವಾದ ಪೆಟ್ಟಿನಿಂದ ರಂಧ್ರವನ್ನು ಕಿರಿದು ಮಾಡುತ್ತಾನೆ. ಎರಡು ನಿಮಿಷದ ಕೆಲಸ. ಮುಳ್ಳನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೆಟ್ಟಿಗೆಯಲ್ಲಿಟ್ಟು, ಗಡಿಯಾರದ ಜೊತೆಯಲ್ಲಿಯೇ ಅವನಿಗೆ ಕೊಡಿ. ಬರಿಯ ಮುಳ್ಳನ್ನು ಕೊಟ್ಟರೆ ಎಷ್ಟು ಕಿರಿದು ಮಾಡಬೇಕೆಂಬುದು ಅವನಿಗೆ ಹೇಗೆ ಗೊತ್ತಾಗಬೇಕು?