ಪೊರಂಬೋಕು ನೆಲದ ಬೆಲೆ

‘ಪೊರಂಬೋಕು’ ಎಂಬ ಮಾತು ಚೆನ್ನೈನ ಬೀದಿಗಳಲ್ಲಿ ಈಗ ಬೈಗುಳವಾಗಿದೆ; ಯಾವ ಕೆಲಸಕ್ಕೂ ಬಾರದವನನ್ನು ಹಾಗೆ ಕರೆಯುತ್ತಾರೆ. ಮೂಲದಲ್ಲಿ ಅದು ನಿಂದೆಯ ಮಾತಲ್ಲ. ಕಂದಾಯದ ಲೆಕ್ಕಕ್ಕೆ ಹೊರಗಾಗಿ, ಯಾರೊಬ್ಬರ ಸ್ವತ್ತೂ ಆಗದೆ, ಕೆರೆ, ಕಾಲುವೆ, ಸ್ಮಶಾನ, ದನ ಮೇಯುವ ಬಯಲು ಮೊದಲಾದ ಊರೊಟ್ಟಿನ ಬಳಕೆಗೆ ಬಿಟ್ಟ ನೆಲಕ್ಕೆ ಆ ಹೆಸರು. ನಮ್ಮ ಕಡೆಯ ಗೋಮಾಳ, ಗುಂಡುತೋಪು, ಪಹಣಿಯಲ್ಲಿ ಕಾಣುವ ‘ಬ’ ಖರಾಬು, ಇವೆಲ್ಲ ಹೆಚ್ಚುಕಡಿಮೆ ಇದೇ ಜಾತಿಯವು.

ಬ್ಯಾಂಕಿನ ಉದ್ಯೋಗಿಯಾದ ನನಗೆ ಈ ನೆಲದ ಒಂದು ಲಕ್ಷಣವು ಚೆನ್ನಾಗಿ ಗೊತ್ತು. ಇದನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಆದುದರಿಂದ ನಮ್ಮ ಪುಸ್ತಕಗಳಲ್ಲಿ ಇದರ ಬೆಲೆ ಸೊನ್ನೆ. ಬೆಲೆಯಿಲ್ಲವೆಂದ ಮೇಲೆ ಪಾಳು. ಪಾಳೆಂದ ಮೇಲೆ ಕಸ ಸುರಿಯಲು ಅಡ್ಡಿಯೇನು? ಚೆನ್ನೈನ ದಕ್ಷಿಣಕ್ಕಿರುವ ಪಳ್ಳಿಕ್ಕರಣೈ ಜೌಗುಪ್ರದೇಶಕ್ಕೆ ಒದಗಿದ ಗತಿ ಇದೇ. 1960ರ ದಶಕದಲ್ಲಿ ಸುಮಾರು 5,000 ಹೆಕ್ಟೇರು ಹರಡಿದ್ದ ಆ ನೀರುನೆಲದಲ್ಲಿ ಪೆರುಂಗುಡಿಯ ಕಸದ ಗುಡ್ಡೆ, ರೈಲು ನಿಲ್ದಾಣ, ಹೆದ್ದಾರಿ, ಗಾಜಿನ ಕಚೇರಿಗಳು ಒಂದೊಂದಾಗಿ ಬಂದು ಕುಳಿತವು. 2007ರಲ್ಲಿ 317 ಹೆಕ್ಟೇರನ್ನು ಮೀಸಲು ಅರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಸುಮಾರು 1,247 ಹೆಕ್ಟೇರಿಗೆ ರಾಮ್ಸರ್ ಒಪ್ಪಂದದ ಮನ್ನಣೆಯೂ ದೊರೆಯಿತು.

ಅಲ್ಲಿ 2021ರಲ್ಲಿ ತೆರೆದ ಪರಿಸರ ಉದ್ಯಾನವೊಂದಿದೆ. ಚಳಿಗಾಲದ ಬೆಳಗ್ಗೆ ಅದರ ಕಾಲುದಾರಿಯಲ್ಲಿ ನಡೆಯುವ ಸುಖವನ್ನು ಬಲ್ಲ ಕನ್ನಡಿಗರು ಈ ನಗರದಲ್ಲಿ ಎಷ್ಟು ಮಂದಿಯೋ ಕಾಣೆ. ಅನತಿದೂರದಲ್ಲೇ ಲಾರಿಗಳು ಓಡುತ್ತಿರುತ್ತವೆ. ಇತ್ತ ಆಪುಹುಲ್ಲಿನ ನಡುವೆ ನಾಮದ ಕೋಳಿಗಳು ಸದ್ದಿಲ್ಲದೆ ತೇಲುತ್ತಿರುತ್ತವೆ. ಕೊಕ್ಕರೆ ಬೆಳ್ಳೂರಿನ ಮರಗಳ ಮೇಲೆ ನಾವು ಕಂಡ ಹೆಜ್ಜಾರ್ಲೆಯು ಇಲ್ಲಿಯೂ ಇದೆ. ಅದೃಷ್ಟವಿದ್ದರೆ ರಾಜಹಂಸಗಳ ಹಿಂಡೂ ಕಾಣಸಿಗುವುದು. ನಡಿಗೆಯಿಂದ ರಕ್ತದೊತ್ತಡಕ್ಕೂ ಮಧುಮೇಹಕ್ಕೂ ಆಗುವ ಹಿತವನ್ನು ವೈದ್ಯರು ಹೇಳಲಿ; ಸಾಲದ ಕಡತಗಳಿಂದ ಎದ್ದು ಹೋದವನಿಗೆ ಆ ಒಂದು ಗಂಟೆಯ ಮೌನವೇ ದೊಡ್ಡ ಔಷಧ. ಗಾಳಿಯು ಪೆರುಂಗುಡಿಯ ಕಡೆಯಿಂದ ಬೀಸಿದ ದಿನ ಮಾತ್ರ ಮೂಗು ಮುಚ್ಚಿಕೊಳ್ಳಬೇಕಾಗುವುದೆಂಬುದನ್ನೂ ಮರೆಮಾಚಲಾರೆ. ನಮ್ಮ ಸಂಘದ ವಾರ್ಷಿಕ ವಿಹಾರವು ಪ್ರತಿ ಸಲವೂ ಸಮುದ್ರತೀರದ ವಿಲಾಸಗೃಹಕ್ಕೇ ಏಕಾಗಬೇಕು?

ಆದರೆ ನನ್ನ ವಾದ ಹಕ್ಕಿಗಳಿಗಾಗಿ ಮಾತ್ರವಲ್ಲ. ದಕ್ಷಿಣ ಚೆನ್ನೈನ ಹತ್ತಾರು ಕೆರೆಗಳ ಕೋಡಿನೀರು ಈ ತಗ್ಗಿಗೆ ಬಂದು, ತಂಗಿ, ನೆಲಕ್ಕಿಳಿದು, ಮಿಕ್ಕದ್ದು ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಂ ಕಾಲುವೆಯ ಕಡೆಗೆ ಸಾಗುತ್ತದೆ. ತಂಗುವ ತಾಣವನ್ನು ಮುಚ್ಚಿದರೆ ನೀರು ತಾನಾಗಿ ಬೇರೆ ತಾಣವನ್ನು ಹುಡುಕಿಕೊಳ್ಳುತ್ತದೆ. 2015ರ ಡಿಸೆಂಬರಿನಲ್ಲಿಯೂ 2023ರ ಡಿಸೆಂಬರಿನಲ್ಲಿಯೂ ಅದು ವೇಳಚ್ಚೇರಿ, ಪಳ್ಳಿಕ್ಕರಣೈಗಳ ಮನೆಗಳನ್ನು ಹುಡುಕಿಕೊಂಡಿತು. ಸೊನ್ನೆ ಬೆಲೆಯ ನೆಲವು ಮಾಡುತ್ತಿದ್ದ ಕೆಲಸ ನಿಂತಾಗ, ಬೆಲೆಬಾಳುವ ನೆಲದ ಮೇಲಿನ ಗೃಹಸಾಲಗಳೇ ನೀರಿನಲ್ಲಿ ನಿಂತವು. ವಾಣಿಜ್ಯಶಾಸ್ತ್ರದಲ್ಲಿ ಸವಕಳಿಗೆ ಲೆಕ್ಕವಿಡುವುದನ್ನು ನಮಗೆ ಕಲಿಸುತ್ತಾರೆ. ಈ ಸವಕಳಿಯನ್ನು ಯಾವ ಖಾತೆಗೆ ಬರೆಯುವುದು?

ಊರೊಟ್ಟಿನ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಲು ಸರ್ವೋಚ್ಚ ನ್ಯಾಯಾಲಯವು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿತು. 2025ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ದಕ್ಷಿಣ ಪೀಠವು, ಪಳ್ಳಿಕ್ಕರಣೈಯ ಪ್ರಭಾವವಲಯವು ಗೊತ್ತಾಗುವವರೆಗೆ ಅದರ ಒಂದು ಕಿಲೋಮೀಟರಿನೊಳಗೆ ಹೊಸ ಕಟ್ಟಡಗಳಿಗೆ ಅನುಮತಿ ಕೊಡಕೂಡದೆಂದು ಆದೇಶಿಸಿತು. ಇವೆಲ್ಲ ಸರಿಯೇ. ಆದರೆ ಕಟ್ಟಡವು ಏಳುವುದು ಅನುಮತಿಯಿಂದಷ್ಟೇ ಅಲ್ಲ, ಸಾಲದಿಂದಲೂ ಹೌದು. ಮನೆಸಾಲ ಕೊಡುವಾಗ ಹಕ್ಕುಪತ್ರಗಳನ್ನು ಮೂವತ್ತು ವರ್ಷ ಹಿಂದಕ್ಕೆ ಕೆದಕುವ ನಾವು, ಆ ನಿವೇಶನದ ನೀರು ಮೊದಲು ಎಲ್ಲಿಗೆ ಹರಿಯುತ್ತಿತ್ತೆಂದು ಕೇಳುವ ಒಂದು ಅಂಕಣವನ್ನು ಮೌಲ್ಯಮಾಪನದ ನಮೂನೆಗೆ ಏಕೆ ಸೇರಿಸಬಾರದು? ಅದಕ್ಕೆ ಶಾಸನದ ತಿದ್ದುಪಡಿ ಬೇಕಿಲ್ಲ. ಪ್ರಧಾನ ಕಚೇರಿಯ ಒಂದು ಸುತ್ತೋಲೆ ಸಾಕು.