ಕೊಂಡಿದ್ದು ತೋರಿಸಿದವರು ಮಾರಿದ್ದೂ ತೋರಿಸ್ರಿ

ಸ್ಟೋರಿಯಲ್ಲಿ ಹಸಿರು ಸ್ಕ್ರೀನ್‌ಶಾಟ್ ಹಾಕ್ತೀರಿ. "ಬಯೋಕಾನ್ ತಗೊಂಡೆ" ಅಂತ ಒಂದು ಸಾಲು, ಪಕ್ಕದಲ್ಲಿ ರಾಕೆಟ್. ಸಂತೋಷ. ಆದ್ರೆ ಯಾವ ಬೆಲೆಗೆ ತಗೊಂಡ್ರಿ, ಯಾವಾಗ, ಈಗಲೂ ಇಟ್ಕೊಂಡಿದೀರಾ? ಅದು ಎಲ್ಲೂ ಇರಲ್ಲ. ಕಮಲಾಪುರದಿಂದ ಹೊಸಪೇಟೆಗೆ ಕಾಲೇಜಿಗೆ ಹೋಗೋ ಬಸ್ಸಲ್ಲೇ ನಾಲ್ಕು ಹುಡುಗರು ನಿಮ್ಮ ಸ್ಟೋರಿ ನೋಡ್ತಿರ್ತಾರೆ. ನೀವು ಎರಡು ವಾರಕ್ಕೆ ಮಾರಿ ಹೊರಗೆ ಬಂದಿರ್ತೀರಿ. ಸ್ಕಾಲರ್‌ಶಿಪ್ ದುಡ್ಡು ಹಾಕಿದ ಜೂನಿಯರ್ ಇನ್ನೂ ರಾಕೆಟ್ ಕಾಯ್ತಾ ಕೂತಿರ್ತಾನೆ.

ಕಂಪ್ಲಿ ಕಡೆ ಭತ್ತದ ವ್ಯಾಪಾರಿ "ರೇಟು ಏರತ್ತೆ, ಈಗ್ಲೇ ತಗೊಳ್ರಿ" ಅಂದ್ರೆ ಮನೆ ಹಿರಿಯರು ಮೊದಲು ಕೇಳೋದೇನು? "ನಿನ್ನ ಗೋಡೌನ್‌ನಾಗ ಎಷ್ಟು ಚೀಲ ಐತಪ್ಪ?" ಅದೇ ಪ್ರಶ್ನೆ ಶೇರಿನ ಬಗ್ಗೆ ಕೇಳಿದ್ರೆ ಮಾತ್ರ ನಾವು "ನೆಗೆಟಿವ್ ಮೈಂಡ್‌ಸೆಟ್".

ಬಯೋಟೆಕ್‌ನಲ್ಲಿ ಈ ಪ್ರಶ್ನೆ ಇನ್ನೂ ಜಾಸ್ತಿ ಬೇಕು. ತೋರಣಗಲ್ಲಿನ ಜಿಂದಾಲ್ ಆದ್ರೆ ಲಾರಿ ಓಡಾಡೋದಾದ್ರೂ ಕಣ್ಣಿಗೆ ಕಾಣತ್ತೆ. ಬಯೋಕಾನ್ ನಮ್ಮ ಬೆಂಗಳೂರಿಂದೇ, 1978ರಲ್ಲಿ ಶುರುವಾಗಿ 2004ರಲ್ಲಿ ಶೇರು ಮಾರುಕಟ್ಟೆಗೆ ಬಂದಿದ್ದು. ಆದ್ರೆ ಅದರ ಇನ್ಸುಲಿನ್, ಕ್ಯಾನ್ಸರ್ ಔಷಧಿ ಅಮೆರಿಕದಲ್ಲಿ ಮಾರಬೇಕಂದ್ರೆ ಅಲ್ಲಿನ ಎಫ್‌ಡಿಎ ಒಪ್ಪಬೇಕು. ಫ್ಯಾಕ್ಟರಿ ತಪಾಸಣೆಯಲ್ಲಿ ಕೊರತೆ ಕಂಡ್ರೆ ಕೊನೇ ದಿನ ಫಾರ್ಮ್ 483 ಕೊಡ್ತಾರೆ. ಅದು ತಪಾಸಣೆಗೆ ಬಂದವರು ಕಂಡಿದ್ದರ ಪಟ್ಟಿ ಅಷ್ಟೇ. ಬ್ಯಾನ್ ಅಲ್ಲ, ವಾರ್ನಿಂಗ್ ಲೆಟರೂ ಅಲ್ಲ. ಉತ್ತರ ಕೊಡೋಕೆ ಕಂಪನಿಗೆ 15 ಕೆಲಸದ ದಿನ ಇರತ್ತೆ. ಹಾಗಂತ ಎಲ್ಲ 483 ಹಗುರ ಅಂತಲೂ ಅಲ್ಲ, ಒಳಗೆ ಏನು ಬರೆದಿದಾರೆ ಅನ್ನೋದೇ ಮುಖ್ಯ. ನೀವು ಅರ್ಧ ಪುಟ ಕ್ರಾಪ್ ಮಾಡಿ "ಕಥೆ ಮುಗೀತು" ಅಂತ ಹಾಕಿದ್ರೆ ಓದೋನಿಗೆ ಏನ್ ಗೊತ್ತಾಗ್ಬೇಕು? ಕಂಪನಿ ಬಿಎಸ್‌ಇಗೆ ಕೊಟ್ಟ ಪ್ರಕಟಣೆ ಎಲ್ರಿಗೂ ಫ್ರೀ ಆಗಿ ಸಿಗತ್ತೆ, ಪೂರ್ತಿ ಹಾಕ್ರಿ.

ಬೇರೆಯವರ ನೋಟ್ಸಿಂದ ಹೆಸರು ಕತ್ತರಿಸೋದು ಇನ್ನೊಂದು ಚಟ. ಯಾರೋ ನಿದ್ದೆಗೆಟ್ಟು ಆನ್ಯುವಲ್ ರಿಪೋರ್ಟ್ ಓದಿರ್ತಾರೆ, ನಿಮ್ಮ ಪೇಜಿಗೆ ಬರೋ ಹೊತ್ತಿಗೆ ಅದು "ನನ್ನ ರಿಸರ್ಚ್". ಲೆಕ್ಕ ತಪ್ಪಿದ್ರೆ ಯಾರನ್ನ ಕೇಳೋಣ?

ಸೆಬಿಯ 2014ರ ನಿಯಮ ನೋಡ್ರಿ. ರಿಜಿಸ್ಟರ್ಡ್ ರಿಸರ್ಚ್ ಅನಲಿಸ್ಟ್ ತಾನು ರಿಪೋರ್ಟ್ ಕೊಟ್ಟ ಶೇರನ್ನ ಅದಕ್ಕೆ 30 ದಿನ ಮುಂಚೆ, 5 ದಿನ ಆಮೇಲೆ ತಾನು ಕೊಳ್ಳೋ ಮಾರೋ ಹಾಗಿಲ್ಲ. ತನಗೆ ಅದರಲ್ಲಿ ಲಾಭ ಇದ್ರೆ ಬಾಯಿಬಿಟ್ಟು ಹೇಳ್ಬೇಕು. ಪರೀಕ್ಷೆ ಪಾಸಾದವರಿಗೇ ಇಷ್ಟು ಬಿಗಿ! ನಾವು "ಎಜುಕೇಶನ್ ಪರ್ಪಸ್ ಓನ್ಲಿ" ಅಂತ ಕೆಳಗೊಂದು ಸಾಲು ಅಂಟಿಸಿ ಪಾರಾಗ್ತೀವಿ.

ನನ್ನ ಲೆಕ್ಕಾನೂ ಕೇಳ್ತೀರಿ, ಗೊತ್ತು. ಬಯೋಕಾನ್ ಶೇರು ನನ್ನ ಹತ್ರ ಒಂದೂ ಇಲ್ಲ, ಮನೇಲಿ ಯಾರ ಹತ್ರನೂ ಇಲ್ಲ. ತಗೊಂಡ್ರೆ ಬೆಲೆ ಸಮೇತ ಇಲ್ಲೇ ಹಾಕ್ತೀನಿ, ಮಾರಿದ ದಿನಾನೂ.